ಗಾಳಿ ಸೋರಿದ್ದು ಎಲ್ಲಿ?

ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವುದನ್ನು ನೋಡದವರು ಯಾರಿದ್ದಾರೆ? ಅಂಗಡಿಯಾತ ಮೊದಲು ವಾಲ್ವಿನ ಬಾಯಿಗೆ ಬೆರಳಿನಿಂದ ಒಂದಿಷ್ಟು ಎಂಜಲು ಸವರುತ್ತಾನೆ. ಅಲ್ಲಿ ಗುಳ್ಳೆ ಎದ್ದರೆ ತಪ್ಪು ವಾಲ್ವಿನದು; ಟ್ಯೂಬು ಬಿಚ್ಚುವ ಗೋಜೇ ಇಲ್ಲ. ಏಳದಿದ್ದರೆ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತಾ ಹೋಗುತ್ತಾನೆ. ಎಲ್ಲಿ ಗುಳ್ಳೆಯೋ ಅಲ್ಲಿ ತೂತು. ಅಲ್ಲಿಗೊಂದು ಗುರುತು, ಆಮೇಲೆ ಉಜ್ಜು, ಸೊಲ್ಯೂಷನ್, ತೇಪೆ. ತೂತು ಎಲ್ಲಿದೆಯೆಂದು ನೋಡದೆ ತೇಪೆ ಹಚ್ಚುವ ಪಂಕ್ಚರ್‌ನವನನ್ನು ಯಾರೂ ಕಂಡಿಲ್ಲ. ಅಂಥವನ ಅಂಗಡಿ ಒಂದು ವಾರವೂ ನಡೆಯಲಾರದು.

ಈಗ ಅಂಥವೇ ನಾಲ್ಕು ಗಾಳಿಚೀಲಗಳಿವೆ ಎಂದುಕೊಳ್ಳಿ. ಅವುಗಳ ಮೇಲೆ ಎರಡು ಟನ್ನಿಗೂ ಮಿಕ್ಕ ತೂಕದ ಕಾರು ಕುಳಿತಿದೆ. ನಾಲ್ಕಕ್ಕೂ ಗಾಳಿ ಹಂಚಲು ಒಂದು ಕಂಪ್ಯೂಟರ್ ಇದೆ. ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಹೊಟ್ಟೆ ನೆಲಕ್ಕೆ ತಾಗುವಂತೆ ಕುಸಿದು ಕೂತಿದೆ. ಬಾಣಲೆಯಲ್ಲಿ ಮುಳುಗಿಸುವಂತಿಲ್ಲ. ತೂತು ಹುಡುಕುವುದು ಹೇಗೆ?

ಇದು ಕಟ್ಟುಕಥೆಯಲ್ಲ. ಇಂಗ್ಲೆಂಡಿನ ಸಾಲಿಹಲ್ ಪಟ್ಟಣದ ಕಾರ್ಖಾನೆಯಿಂದ ಹೊರಬಂದ ಹಳೆಯ ರೇಂಜ್ ರೋವರ್ ಕಾರುಗಳನ್ನು ಇಟ್ಟುಕೊಂಡವರಿಗೆ ಈ ನೋಟ ಹೊಸದಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಈ ಕಾರು ಮೊದಲು ಬಂದದ್ದು 1970ರಲ್ಲಿ. 1992ರಲ್ಲಿ ಅದರ ಉದ್ದನೆಯ ಮಾದರಿಗೆ ಉಕ್ಕಿನ ಸ್ಪ್ರಿಂಗ್ ತೆಗೆದು ವಿದ್ಯುನ್ಮಾನ ನಿಯಂತ್ರಣದ ಗಾಳಿ ಸ್ಪ್ರಿಂಗ್ ಅಳವಡಿಸಲಾಯಿತು. 1994ರಲ್ಲಿ ಬಂದ ಎರಡನೆಯ ಪೀಳಿಗೆಯ ಕಾರಿಗೂ ಅದನ್ನೇ ಕೊಟ್ಟರು. ಪಿ 38ಎ ಎಂಬ ಸಂಕೇತನಾಮದ ಈ ಕಾರು 2001ರವರೆಗೆ ತಯಾರಾಯಿತು. ಭಾರತದ ಟಾಟಾ ಮೋಟಾರ್ಸ್ ಈ ಕಂಪನಿಯನ್ನು ಕೊಂಡದ್ದು 2008ರಲ್ಲಿ. ಅಷ್ಟರೊಳಗೆ ಆ ಕಾರುಗಳ ರಬ್ಬರಿಗೆ ವಯಸ್ಸಾಗತೊಡಗಿತ್ತು.

ಉಕ್ಕಿನ ಜಾಗದಲ್ಲಿ ಗಾಳಿ

ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ ಎಂಬುದು ಹಳೆಯ ವಿಷಯ. ಒತ್ತಿದರೆ ಗಾಳಿಯ ಗಾತ್ರ ಕುಗ್ಗುತ್ತದೆ, ಒತ್ತಡ ಏರುತ್ತದೆ. ಉಷ್ಣತೆ ಬದಲಾಗದಿದ್ದರೆ ಎರಡರ ಗುಣಲಬ್ಧ ಒಂದೇ ಆಗಿರುತ್ತದೆ. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಬಾಯಿಪಾಠ ಬರುವ ಈ ಸಾಲಿನ ಮೇಲೆಯೇ ಎರಡು ಟನ್ನಿನ ಕಾರು ಕುಳಿತಿದೆ.

ಲೆಕ್ಕ ಹಾಕಿ ನೋಡಿ. ಒಂದು ಮೂಲೆಯ ಸ್ಪ್ರಿಂಗ್ 450 ಕಿಲೋ ಭಾರ ಹೊತ್ತಿದೆ, ಗಾಳಿ ಒತ್ತುವ ವಿಸ್ತೀರ್ಣ 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳೋಣ. ಆಗ ಒಳಗಿರಬೇಕಾದ ಒತ್ತಡ ಚದರ ಸೆಂ.ಮೀ.ಗೆ ನಾಲ್ಕೂವರೆ ಕಿಲೋ. ಸಾಮಾನ್ಯ ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟು! ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಷ್ಟು ಒತ್ತಡದ ಗಾಳಿ ಸುಮ್ಮನಿರುವುದಿಲ್ಲ.

ಇಷ್ಟು ಕಷ್ಟ ಯಾಕೆ? ಉಕ್ಕಿನ ಸ್ಪ್ರಿಂಗಿನ ಎತ್ತರ ಒಂದೇ. ಜನ ಹತ್ತಿದರೆ, ಸಾಮಾನು ಹೇರಿದರೆ ಕಾರಿನ ಹಿಂಭಾಗ ಕುಗ್ಗುತ್ತದೆ. ಗಾಳಿಯಾದರೆ ಇನ್ನಷ್ಟು ತುಂಬಿ ಮಟ್ಟ ಸರಿಪಡಿಸಬಹುದು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ಕಾರು ತಾನಾಗಿ ತುಸು ತಗ್ಗುತ್ತದೆ. ಕಲ್ಲುಮುಳ್ಳಿನ ಹಾದಿಯಲ್ಲಿ ಗುಂಡಿ ಒತ್ತಿದರೆ ಮೇಲೇಳುತ್ತದೆ. ಹತ್ತಿ ಇಳಿಯುವಾಗ ಸುಮಾರು 65 ಮಿ.ಮೀ. ಕೆಳಗಿಳಿದು ಮಂಡಿಯೂರುತ್ತದೆ. ಬೆಂಗಳೂರಿನ ವೋಲ್ವೋ ಸಿಟಿ ಬಸ್ಸು ನಿಲ್ದಾಣದಲ್ಲಿ ‘ಸ್‌ಸ್‌ಸ್’ ಎಂದು ನಿಟ್ಟುಸಿರಿಡುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿಯೂ ಭಾರ ಹೊತ್ತಿರುವುದು ಗಾಳಿಯೇ.

ಗಾಳಿಯ ದಾರಿ

ಸೋರಿಕೆ ಹುಡುಕುವವರು ಮೊದಲು ಗಾಳಿ ನಡೆಯುವ ದಾರಿ ತಿಳಿದಿರಬೇಕು. ಬಾನೆಟ್ಟಿನ ಕೆಳಗಿನ ಒಂದು ಪೆಟ್ಟಿಗೆಯಲ್ಲಿ ಪುಟ್ಟ ವಿದ್ಯುತ್ ಕಂಪ್ರೆಸರ್ ಇದೆ. ಅದು ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಹೊರಟ ಗಾಳಿ ಒಂದು ಡ್ರೈಯರಿನ ಮೂಲಕ ಸಾಗುತ್ತದೆ. ಅದರೊಳಗಿನ ಹರಳುಗಳು ತೇವ ಹೀರಿಕೊಳ್ಳುತ್ತವೆ. ಒಣಗಿದ ಗಾಳಿ ಚಾಸಿಸ್ಸಿಗೆ ಬಿಗಿದ ಟ್ಯಾಂಕಿನಲ್ಲಿ ಸುಮಾರು 10 ಬಾರ್ ಒತ್ತಡದಲ್ಲಿ, ಅಂದರೆ ವಾತಾವರಣದ ಒತ್ತಡದ ಹತ್ತರಷ್ಟರಲ್ಲಿ, ಶೇಖರವಾಗುತ್ತದೆ.

ಟ್ಯಾಂಕಿನಿಂದ ಚಕ್ರಗಳ ಕಡೆಗೆ ಹೋಗಲು ಗಾಳಿ ವಾಲ್ವ್ ಬ್ಲಾಕ್ ದಾಟಬೇಕು. ಅದನ್ನು ನಾಲ್ಕು ರಸ್ತೆ ಕೂಡುವ ಸರ್ಕಲ್ ಎನ್ನಿ. ಪ್ರತಿ ಸ್ಪ್ರಿಂಗಿಗೆ ಒಂದೊಂದು ವಾಲ್ವ್, ಒಳಬರುವ ಗಾಳಿಗೊಂದು, ಹೊರಹೋಗುವ ಗಾಳಿಗೊಂದು. ಎಲ್ಲವೂ ವಿದ್ಯುತ್ತಿನಿಂದ ತೆರೆದು ಮುಚ್ಚುವಂಥವು. ಅಲ್ಲಿಂದ ತೆಳ್ಳನೆಯ ನೈಲಾನ್ ಕೊಳವೆಗಳು ನಾಲ್ಕು ಮೂಲೆಗೆ ಹೋಗುತ್ತವೆ. ಪ್ರತಿ ಚಕ್ರದ ಬಳಿ ಎತ್ತರ ಅಳೆಯುವ ಒಂದು ಸೆನ್ಸರ್ ಇದೆ. ಅದು ಹೇಳಿದ್ದನ್ನು ಕೇಳಿ ಆಸನದ ಕೆಳಗಿನ ಕಂಪ್ಯೂಟರ್ ಯಾವ ವಾಲ್ವ್ ತೆರೆಯಬೇಕೆಂದು ತೀರ್ಮಾನಿಸುತ್ತದೆ.

ಈ ದಾರಿಯುದ್ದಕ್ಕೂ ಎರಡು ಭಾಗ ಸೇರುವಲ್ಲೆಲ್ಲ ಬಿಗಿ ಕಾಯುವುದು ರಬ್ಬರಿನ ಸಣ್ಣ ಉಂಗುರ. ಇದಕ್ಕೆ ಓ-ರಿಂಗ್ ಎಂದು ಹೆಸರು. ವರ್ಷಗಟ್ಟಲೆ ಒತ್ತಿಸಿಕೊಂಡ ಉಂಗುರ ಚಪ್ಪಟೆಯಾಗುತ್ತದೆ, ಗಡುಸಾಗುತ್ತದೆ. ಚಳಿಯಲ್ಲಂತೂ ಅದರ ಪುಟಿಯುವ ಗುಣ ಇನ್ನಷ್ಟು ಕಡಿಮೆ. ಆದ್ದರಿಂದ ನಸುಕಿನಲ್ಲಿ ಸೋರುವ ಕಾರು ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಸೋರದೆಯೂ ಇರಬಹುದು. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಗಗನನೌಕೆ ಸ್ಫೋಟಿಸಿ ಏಳು ಮಂದಿ ಸತ್ತದ್ದು ಚಳಿಗೆ ಗಡುಸಾದ ಓ-ರಿಂಗಿನಿಂದಲೇ. ತನಿಖಾ ಆಯೋಗದ ಸದಸ್ಯ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಣುಕನ್ನು ಮಂಜುನೀರಿನಲ್ಲಿ ಅದ್ದಿ ಎಲ್ಲರೆದುರು ತೋರಿಸಿದರು.

ಕಂಪ್ರೆಸರ್ ಅಪರಾಧಿಯೆ?

ಕಾರು ಕುಸಿದಿದೆ. ಎಂಜಿನ್ ಚಾಲೂ ಮಾಡಿದರೆ ಕಂಪ್ರೆಸರ್ ಬಹಳ ಹೊತ್ತು ಗುರುಗುಟ್ಟುತ್ತದೆ, ಕಾರು ಏಳುವುದಿಲ್ಲ. ಮುಂದಿನ ಫಲಕದಲ್ಲಿ ದೋಷದ ಸೂಚನೆ ಬರುತ್ತದೆ, ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ಮೀರಬೇಡಿ ಎಂಬ ಎಚ್ಚರಿಕೆಯೂ ಕಾಣುತ್ತದೆ. ಮಾಲೀಕ ಏನು ಮಾಡುತ್ತಾನೆ? ಕಂಪ್ರೆಸರ್ ಕೆಟ್ಟಿದೆ ಎಂದು ಹೊಸದು ಹಾಕಿಸುತ್ತಾನೆ. ಕಾರು ಮೇಲೇಳುತ್ತದೆ. ಎಲ್ಲರಿಗೂ ಸಂತೋಷ. ಕೆಲವು ತಿಂಗಳ ನಂತರ ಹೊಸ ಕಂಪ್ರೆಸರೂ ಸುಸ್ತಾಗುತ್ತದೆ.

ಕಂಪ್ರೆಸರ್ ಕೆಟ್ಟದ್ದು ನಿಜ. ಆದರೆ ಯಾಕೆ ಕೆಟ್ಟಿತು? ಎಲ್ಲೋ ಒಂದು ಸಣ್ಣ ಸೋರಿಕೆ. ಹೋದ ಗಾಳಿಯನ್ನು ತುಂಬಿಕೊಡಲು ಅದು ದಿನವಿಡೀ ದುಡಿಯಿತು. ಆಗೊಮ್ಮೆ ಈಗೊಮ್ಮೆ ಓಡಲೆಂದು ಮಾಡಿದ ಯಂತ್ರ ಬಿಡುವಿಲ್ಲದೆ ಓಡಿ ಕಾದಿತು; ಅದರ ಪಿಸ್ಟನ್ ಸುತ್ತಲಿನ ಸೀಲ್ ಸವೆಯಿತು.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸರಿಯಾಗಿರುವ ಕಾರಿನಲ್ಲಿ ಸ್ಪ್ರಿಂಗಿನಿಂದ ಹೊರಬಿಡುವ ಒಣ ಗಾಳಿ ಡ್ರೈಯರಿನ ಮೂಲಕವೇ ಹಿಮ್ಮುಖವಾಗಿ ಸಾಗಿ ಹೋಗುತ್ತದೆ. ಹೋಗುವಾಗ ಹರಳುಗಳ ತೇವವನ್ನೂ ಹೊತ್ತೊಯ್ಯುತ್ತದೆ. ಸೋರಿಕೆಯಿಂದ ತಪ್ಪಿಸಿಕೊಂಡ ಗಾಳಿ ಈ ದಾರಿ ಹಿಡಿಯುವುದಿಲ್ಲ. ಕಂಪ್ರೆಸರ್ ಮಾತ್ರ ಹೊರಗಿನ ತೇವದ ಗಾಳಿಯನ್ನು ತಂದು ಸುರಿಯುತ್ತಲೇ ಇರುತ್ತದೆ. ಹರಳುಗಳು ನೆನೆದು ಸೋಲುತ್ತವೆ, ನೀರು ವಾಲ್ವಿನೊಳಗೆ ಇಳಿಯುತ್ತದೆ, ಇಂಗ್ಲೆಂಡಿನ ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟುತ್ತದೆ. ಒಂದು ಉಂಗುರದ ದೋಷ ಸೀಲಿಗೆ, ಡ್ರೈಯರಿಗೆ, ವಾಲ್ವಿಗೆ ಹಬ್ಬಿತು. ಇಷ್ಟಾದ ಮೇಲೆ ಅನೇಕ ಮಾಲೀಕರು ರೋಸಿಹೋಗಿ ಗಾಳಿ ಸ್ಪ್ರಿಂಗುಗಳನ್ನೇ ಕಿತ್ತೊಗೆದು ಉಕ್ಕಿನ ಸುರುಳಿ ಹಾಕಿಸಿದ್ದುಂಟು.

ಸದ್ದು ಮಾಡುವ ಭಾಗ, ಕಣ್ಣಿಗೆ ಬೀಳುವ ಭಾಗ ಕಂಪ್ರೆಸರ್. ಆದ್ದರಿಂದ ಆಪಾದನೆ ಅದರ ಮೇಲೆ. ನಿಜವಾದ ತಪ್ಪಿತಸ್ಥ ಸದ್ದಿಲ್ಲದೆ ಇನ್ನೆಲ್ಲೋ ಕುಳಿತಿದ್ದಾನೆ.

ಕಂಪ್ಯೂಟರಿನ ಉಪಕಾರ

ಹಾಗಿದ್ದರೆ ಬೆಳಿಗ್ಗೆ ಯಾವ ಮೂಲೆ ತಗ್ಗಿದೆ ಎಂದು ನೋಡಿದರಾಯಿತಲ್ಲ ಎನ್ನಬಹುದು. ಇಲ್ಲೊಂದು ತಮಾಷೆ ಇದೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಮೂಲೆ ಸಮನಾಗಿ ತಗ್ಗಿರುತ್ತವೆ! ನಾಲ್ಕು ಸ್ಪ್ರಿಂಗೂ ಒಟ್ಟಿಗೇ ಸೋರಿದವೆ?

ಇಲ್ಲ. ಪಿ 38ಎ ಕಾರಿನ ಈ ವ್ಯವಸ್ಥೆ ಬೀಗ ಹಾಕಿ ಹೋದ ಮೇಲೂ ಪೂರ್ತಿ ನಿದ್ರಿಸುವುದಿಲ್ಲ. ಆರು ಗಂಟೆಗೊಮ್ಮೆ ಕೆಲವು ಸೆಕೆಂಡು ಎಚ್ಚರಗೊಂಡು ನಾಲ್ಕು ಮೂಲೆಯ ಎತ್ತರ ನೋಡುತ್ತದೆ. ಒಂದು ಮೂಲೆ ತಗ್ಗಿದ್ದರೆ, ಕಾರು ಓರೆಯಾಗಿ ಕಾಣಬಾರದೆಂದು ಉಳಿದ ಮೂರರ ಗಾಳಿಯನ್ನೂ ಬಿಟ್ಟು ಅದರ ಮಟ್ಟಕ್ಕೆ ಇಳಿಸುತ್ತದೆ. ಎಂಜಿನ್ ನಿಂತಿರುವುದರಿಂದ ಬಿದ್ದವನನ್ನು ಎತ್ತಲಾರದು, ನಿಂತವರನ್ನು ಕೂರಿಸಬಲ್ಲದು. ರಾತ್ರಿ ಕಳೆಯುವುದರೊಳಗೆ ಒಬ್ಬನ ತಪ್ಪು ನಾಲ್ವರ ಮೇಲೂ ಬಂತು.

ಒಳ್ಳೆಯ ಉದ್ದೇಶದಿಂದ ಮಾಡಿದ ತಿದ್ದುಪಡಿ ಹೀಗೆ ದೋಷವನ್ನು ಮರೆಮಾಡುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ಕು ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ಆಸನದ ಕೆಳಗೆ ಕೈಹಾಕಿ, ಕಂಪ್ಯೂಟರನ್ನು ಎಬ್ಬಿಸುವ ರಿಲೇಯನ್ನು ಕಿತ್ತಿಡುತ್ತಾನೆ. ಇನ್ನು ರಾತ್ರಿಯಿಡೀ ತಿದ್ದುವವರಿಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ಕಾಣಿಸಿಕೊಳ್ಳಬೇಕು.

ಒಂದೊಂದೇ ಬಾಗಿಲು ಮುಚ್ಚುತ್ತಾ

ಮೊದಲ ಪರೀಕ್ಷೆಗೆ ಬೇಕಾದದ್ದು ಟೇಪು, ಕಾಗದ, ಪೆನ್ಸಿಲ್. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಬೇಕು. ಬೆಳಿಗ್ಗೆ ಮತ್ತೆ ಅಳೆಯಬೇಕು. ಉದಾಹರಣೆಗೆ, ಮೂರು ಮೂಲೆ ಸುಮಾರು ಒಂದೊಂದು ಸೆಂ.ಮೀ., ಹಿಂದಿನ ಬಲ ಮೂಲೆ ಏಳು ಸೆಂ.ಮೀ. ಇಳಿದಿವೆ ಎನ್ನಿ. ಆ ಏಳು ಸೆಂ.ಮೀ. ಸೋರಿಕೆ ಎಂಬುದು ಸ್ಪಷ್ಟ. ಹಾಗಾದರೆ ಒಂದು ಸೆಂ.ಮೀ.?

ಅದು ಚಳಿಯ ಕೆಲಸ. ಸಂಜೆ 20 ಡಿಗ್ರಿ ಸೆಲ್ಷಿಯಸ್ ಇದ್ದ ಗಾಳಿ ನಸುಕಿಗೆ 0 ಡಿಗ್ರಿಗೆ ಇಳಿದರೆ ನಿರಪೇಕ್ಷ ಮಾನದಲ್ಲಿ ಅದು 293ರಿಂದ 273ಕ್ಕೆ ಇಳಿದಂತೆ. ಹೊತ್ತ ಭಾರ ಬದಲಾಗಿಲ್ಲ, ಆದ್ದರಿಂದ ಒತ್ತಡ ಹೆಚ್ಚು ಬದಲಾಗದು. ಗಾಳಿಯ ಗಾತ್ರವೇ ಸುಮಾರು ಶೇ. 7ರಷ್ಟು ಕುಗ್ಗುತ್ತದೆ. ಒಂದು ಹನಿ ಗಾಳಿಯೂ ಸೋರದೆ ಕಾರು ತುಸು ತಗ್ಗಬಹುದು. ಇದು ತಿಳಿಯದವರು ಇಲ್ಲದ ತೂತನ್ನು ಹುಡುಕುತ್ತಾ ಕೂರುತ್ತಾರೆ. ಇನ್ನೊಂದು ಮಾತು: ಒಂದು ಕಾಲು ಕುಂಟಾದ ಮಂಚದಂತೆ, ಒಂದು ಮೂಲೆ ಕುಸಿದಾಗ ಅದರ ಕರ್ಣದ ತುದಿಯ ಮೂಲೆ ಮೇಲೇಳಲೂಬಹುದು. ಎದ್ದ ಮೂಲೆಯನ್ನು ಕಂಡು ದಾರಿ ತಪ್ಪಬಾರದು.

ಮೂಲೆ ಗೊತ್ತಾಯಿತು. ಆದರೆ ಸೋರುತ್ತಿರುವುದು ಸ್ಪ್ರಿಂಗೋ, ಕೊಳವೆಯೋ, ವಾಲ್ವ್ ಬ್ಲಾಕಿನ ಉಂಗುರವೋ? ಎರಡನೆಯ ಪರೀಕ್ಷೆಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಸಾಕು. ಕೈಗೆ ಸುಲಭವಾಗಿ ಸಿಗುವಲ್ಲಿಂದ, ಅಂದರೆ ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯ ಕೂಡುಗಳಿಂದ ಆರಂಭಿಸಿ ಸ್ಪ್ರಿಂಗಿನವರೆಗೆ ಸಿಂಪಡಿಸುತ್ತಾ ಹೋಗುವುದು. ನೊರೆ ಎಲ್ಲಿ ಬೆಳೆಯುತ್ತದೋ ಅಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಬಾಣಲೆ ಇಲ್ಲಿಗೆ ಬಂದದ್ದು ಹೀಗೆ. ಸ್ಪ್ರಿಂಗಿನ ರಬ್ಬರ್ ಕೆಳತುದಿಯಲ್ಲಿ ಮಡಚಿಕೊಂಡಿರುತ್ತದೆ. ಬಿರುಕು ಬಿಡುವುದು ಸಾಮಾನ್ಯವಾಗಿ ಆ ಮಡಿಕೆಯಲ್ಲೇ. ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಗೆರೆಗಳು. ಕಾರು ಎತ್ತರದಲ್ಲಿದ್ದಾಗ ಮಡಿಕೆ ಬಿಚ್ಚಿಕೊಂಡು ಅವು ಕಾಣುತ್ತವೆ. ಒಂದು ಎತ್ತರದಲ್ಲಿ ಸೋರುವ ಬಿರುಕು ಇನ್ನೊಂದು ಎತ್ತರದಲ್ಲಿ ಮುಚ್ಚಿಕೊಂಡು ಸುಮ್ಮನಿರುವುದೂ ಉಂಟು. ಆದ್ದರಿಂದ ಒಂದೇ ಎತ್ತರದಲ್ಲಿ ನೋಡಿ ತೀರ್ಪು ಕೊಡಬಾರದು.

ನೊರೆ ಕಾಣದಷ್ಟು ಸಣ್ಣ ಸೋರಿಕೆಯಾದರೆ ಮೂರನೆಯ ಪರೀಕ್ಷೆ. ಆ ಮೂಲೆಯ ಗಾಳಿಯನ್ನು ಪೂರ್ತಿ ಇಳಿಸಿ, ಕೊಳವೆಯನ್ನು ವಾಲ್ವ್ ಬ್ಲಾಕಿನಿಂದ ಬೇರ್ಪಡಿಸಿ, ಅದರ ತುದಿಗೆ ಟೈರಿನ ವಾಲ್ವ್ ಒಂದನ್ನು ಜೋಡಿಸುವುದು. ಟೈರಿಗೆ ಹೊಡೆಯುವ ಪಂಪಿನಿಂದಲೇ ಗಾಳಿ ತುಂಬಿ ರಾತ್ರಿ ಬಿಡುವುದು. ಬೆಳಿಗ್ಗೆ ಮೂಲೆ ತಗ್ಗಿದ್ದರೆ ತಪ್ಪು ಸ್ಪ್ರಿಂಗಿನದು ಅಥವಾ ಕೊಳವೆಯದು. ನೆಟ್ಟಗೆ ನಿಂತಿದ್ದರೆ ಅವೆರಡೂ ನಿರ್ದೋಷಿಗಳು. ಸೋರಿಕೆ ವಾಲ್ವ್ ಬ್ಲಾಕಿನೊಳಗೆ. ದುಬಾರಿ ಬ್ಲಾಕನ್ನೇ ಎಸೆಯಬೇಕಾಗಿಲ್ಲ, ಒಳಗಿನ ಓ-ರಿಂಗುಗಳನ್ನು ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ.

ಕಾರು ಕುಸಿಯುವುದೇ ಇಲ್ಲ, ಆದರೆ ಕಂಪ್ರೆಸರ್ ಪದೇ ಪದೇ ಓಡುತ್ತದೆ. ಆಗ? ಸ್ಪ್ರಿಂಗುಗಳನ್ನು ಬಿಟ್ಟು ಟ್ಯಾಂಕಿನ ಕಡೆ ನೋಡಬೇಕು. ಒಂದು ಮೂಲೆ ಸುಳ್ಳು ಸುಳ್ಳೇ ಏರಿಳಿಯುತ್ತಿದ್ದರೆ? ಗಾಳಿಯೇ ಸೋರದೆ, ಸವೆದ ಸೆನ್ಸರ್ ತಪ್ಪು ಎತ್ತರ ಹೇಳುತ್ತಿರಬಹುದು. ಎಲ್ಲ ಪರೀಕ್ಷೆಯ ಹಿಂದಿರುವ ಪ್ರಶ್ನೆ ಒಂದೇ: ಇದನ್ನು ಬೇರ್ಪಡಿಸಿದ ಮೇಲೂ ತೊಂದರೆ ಉಳಿಯಿತೆ, ಹೋಯಿತೆ?

ಒಂದು ಎಚ್ಚರಿಕೆ ಮರೆಯಬಾರದು. ಗಾಳಿಯ ಮೇಲೆ ನಿಂತ ಕಾರು ಮುನ್ಸೂಚನೆ ಕೊಡದೆ ಇಳಿದುಬಿಡಬಹುದು. ಚಾಸಿಸ್ಸಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಅದರಡಿ ತಲೆ ಹಾಕುವುದು, ಚಕ್ರಕ್ಕೂ ಕಮಾನಿಗೂ ನಡುವೆ ಕೈ ಇಡುವುದು ಪ್ರಾಣಕ್ಕೇ ಅಪಾಯ. ಒತ್ತಡದಲ್ಲಿರುವ ಕೊಳವೆ ಬಿಚ್ಚಿದರೆ ಚಾವಟಿಯಂತೆ ಬೀಸುತ್ತದೆ. ಇದು ಬಲ್ಲವರ ಕೆಲಸ. ವಿದ್ಯಾರ್ಥಿಗಳು ದೂರದಿಂದ ನೋಡಿ ಕಲಿಯತಕ್ಕದ್ದು.

ಮಾಡಿ ನೋಡಿ

ಮನೆಯಲ್ಲಿ ಅಪಾಯವಿಲ್ಲದೆ ಮಾಡಬಹುದಾದದ್ದೂ ಇದೆ. ಸೂಜಿಯಿಲ್ಲದ ಹೊಸ ಸಿರಿಂಜ್ ತಂದು, ಪಿಸ್ಟನ್ನನ್ನು ಮೇಲಕ್ಕೆಳೆದು, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿರಿ. ಮೊದಲು ಸುಲಭ, ಆಮೇಲೆ ಕಷ್ಟ. ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ಇದೇ ಗಾಳಿ ಸ್ಪ್ರಿಂಗ್. ಈಗ ಒತ್ತಿಹಿಡಿದೇ ಬೆರಳನ್ನು ತುಸು ಸಡಿಲಿಸಿ. ಪಿಸ್ಟನ್ ನಿಧಾನವಾಗಿ ಇಳಿಯುತ್ತದೆ. ಇದೇ ಸೋರಿಕೆ. ಮುಂದಿನ ಸಲ ಸೈಕಲ್ಲಿನ ಗಾಳಿ ಇಳಿದಾಗ ಟ್ಯೂಬು ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಒಂದು ತೊಟ್ಟು ಸಾಬೂನು ನೀರು ಬಿಟ್ಟು ನೋಡಿ.

ತಂದೆತಾಯಿಯರಿಗೂ ಇಲ್ಲೊಂದು ಮಾತಿದೆ. ಮಗುವಿನ ಅಂಕ ಇಳಿದಾಗ ಮೊದಲು ಕಾಣುವುದು ಅಂಕಪಟ್ಟಿ. ಕಂಪ್ರೆಸರಿನಂತೆ ಸದ್ದು ಮಾಡುವುದೂ ಅದೇ. ಒಂದು ಟ್ಯೂಷನ್ನಿಗೆ ಇನ್ನೊಂದು ಸೇರಿಸಿದರೆ ಮುಂದಿನ ಪರೀಕ್ಷೆಗೆ ನಾಲ್ಕು ಅಂಕ ಏರಲೂಬಹುದು. ಆದರೆ ಸೋರುತ್ತಿರುವುದು ಎಲ್ಲಿ? ಹಿಂದಿನ ಬೆಂಚಿನಿಂದ ಬೋರ್ಡು ಸರಿಯಾಗಿ ಕಾಣದ ಕಣ್ಣೆ? ಆರನೆಯ ತರಗತಿಯಲ್ಲಿ ಅರ್ಥವಾಗದೆ ಉಳಿದ ಭಿನ್ನರಾಶಿಯೆ? ಶಾಲೆಯ ದಾರಿಯಲ್ಲಿ ಕಾಡುವ ಯಾರದೋ ಭಯವೆ? ಅಪ್ಪ ಪಕ್ಕದಲ್ಲಿ ಕುಳಿತು ಪ್ರತಿ ಲೆಕ್ಕವನ್ನೂ ಆಗಿಂದಾಗ್ಗೆ ತಿದ್ದುತ್ತಿದ್ದರೆ ಅದು ಎಂದಿಗೂ ತಿಳಿಯುವುದಿಲ್ಲ. ಒಂದು ಸಂಜೆ ಆ ರಿಲೇ ಕಿತ್ತಿಟ್ಟು, ಮಗು ತಾನಾಗಿ ಎಲ್ಲಿ ನಿಲ್ಲುತ್ತದೆಂದು ಬೈಯದೆ ನೋಡಬೇಕು.

ಪಂಕ್ಚರ್ ಅಂಗಡಿಯಾತ ಗುಳ್ಳೆ ಕಾಣುವವರೆಗೆ ಟ್ಯೂಬನ್ನು ತಿರುಗಿಸುತ್ತಲೇ ಇರುತ್ತಾನೆ. ತೇಪೆಯ ಡಬ್ಬಿಯನ್ನು ತೆರೆಯುವುದು ಆಮೇಲೆ.